ಕಾಯುವುದೆಲ್ಲ ತಾಳ್ಮೆಯೇ?

ನಿಮ್ಮಲ್ಲಿ ಗಾಳ ಹಾಕಿ ಮೀನು ಹಿಡಿದವರು ಎಷ್ಟು ಮಂದಿ ಇದ್ದೀರೋ ನಾನರಿಯೆ. ಆದರೆ ಕೆರೆಯ ಬದಿಗೆ ಹೋಗದವರಿಗೂ ಒಂದು ಮಾತು ಗೊತ್ತಿದೆ. ಮೀನು ಹಿಡಿಯುವವನಿಗೆ ಬೇಕಾದದ್ದು ತಾಳ್ಮೆ, ಗಾಳ ಬಿಟ್ಟು ಸುಮ್ಮನೆ ಕೂತರೆ ಮೀನು ತಾನಾಗಿ ಬರುತ್ತದೆ ಎಂಬ ಮಾತು. ಮೂವತ್ತೊಂದು ವರ್ಷ ಮೇಷ್ಟರ ಕೆಲಸ ಮಾಡಿದ ನಾನು ಈ ಉದಾಹರಣೆಯನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ತರಗತಿಯಲ್ಲಿ ಗಲಾಟೆ ಮಾಡುವ ಹುಡುಗರಿಗೆ, ಪರೀಕ್ಷೆಯಲ್ಲಿ ನಪಾಸಾದವರಿಗೆ, ಮದುವೆಯಾಗಿ ಆರು ತಿಂಗಳಿಗೇ ತವರಿಗೆ ಬಂದು ಕೂತ ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಕೂಡ ಇದನ್ನೇ ಹೇಳಿದ್ದೇನೆ. ಈಗ ಹೇಳಲು ಬಾಯಿ ಬರುವುದಿಲ್ಲ. ಏಕೆಂದರೆ ಆರು ಗಂಟೆ ಹೊತ್ತು ಬಹಳ ತಾಳ್ಮೆಯಿಂದ ಕೂತು ಬರಿಗೈಯಲ್ಲಿ ಎದ್ದು ಬಂದವನು ನಾನು. ನನ್ನಿಂದ ನಾಲ್ಕು ಅಡಿ ದೂರದಲ್ಲಿ ಕೂತಿದ್ದ ಹಿರಿಯರೊಬ್ಬರು ಅದೇ ನೀರಿನಿಂದ ಹದಿನಾಲ್ಕು ಮೀನು ಎತ್ತಿದರು.

ನಡೆದದ್ದು 2023ರ ಏಪ್ರಿಲ್‌ನಲ್ಲಿ, ಪಾಸ್ಖ ಹಬ್ಬ ಕಳೆದ ಮೇಲಿನ ಶನಿವಾರ. ಸ್ಥಳ ಅಮೆರಿಕದ ಕೆಂಟಕಿ ಲೇಕ್. ಹೆಸರು ಕೆಂಟಕಿಯದಾದರೂ ಅದರ ಬಹುಭಾಗ ನೆರೆಯ ಟೆನೆಸ್ಸಿ ರಾಜ್ಯದೊಳಗೆ ಚಾಚಿಕೊಂಡಿದೆ. ಟೆನೆಸ್ಸಿ ನದಿಗೆ 1944ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನಿಂದಾಗಿ ನಿಂತ ನೀರು ಅದು, ಸುಮಾರು ಮುನ್ನೂರು ಕಿಲೋಮೀಟರ್ ಉದ್ದ. ನಮ್ಮ ಮಗ ನ್ಯಾಶ್‌ವಿಲ್‌ನಲ್ಲಿ ಹದಿನಾರು ವರ್ಷಗಳಿಂದ ನೆಲೆಸಿದ್ದಾನೆ. ಅವನ ಮನೆಗೆ ನಾನೂ ನನ್ನಾಕೆಯೂ ಹೋಗಿದ್ದೆವು. ಪಕ್ಕದ ಮನೆಯ ನಿವೃತ್ತ ಅಂಚೆ ನೌಕರರಿಗೆ ಒಂದು ಸಣ್ಣ ದೋಣಿಯಿದೆ. ಅವರು ನನಗೂ ಪರವಾನಗಿ ಕೊಡಿಸಿ ಕರೆದುಕೊಂಡು ಹೋದರು. ಮಗನೂ ಬಂದ. ಅಲ್ಲಿನವರ ಇಂಗ್ಲಿಷು ನನ್ನ ಕಿವಿಗೆ ಅರ್ಧವೇ ಹಿಡಿಯುವುದರಿಂದ ಮಿಕ್ಕರ್ಧಕ್ಕೆ ಮಗ ಬೇಕಿತ್ತು.

ಅವರು ಹಿಡಿಯುವ ಮೀನಿನ ಹೆಸರು ಕ್ರಾಪಿ. ಉತ್ತರ ಅಮೆರಿಕದ್ದೇ ಆದ ಸಿಹಿನೀರಿನ ಮೀನು. ಅಂಗೈಗಿಂತ ಸ್ವಲ್ಪ ದೊಡ್ಡದು, ಚಪ್ಪಟೆ, ಬೆಳ್ಳಿ ಬಣ್ಣ. ಬೆನ್ನಿನಿಂದ ಕೆಳಕ್ಕೆ ಇಳಿದ ಪಟ್ಟೆಗಳಿದ್ದರೆ ಬಿಳಿ ಕ್ರಾಪಿ, ಮಸಿ ಚಿಮುಕಿಸಿದಂತೆ ಚುಕ್ಕಿಗಳಿದ್ದರೆ ಕರಿ ಕ್ರಾಪಿ. ಅರ್ಧ ಪೌಂಡು, ಒಂದು ಪೌಂಡು ತೂಗಿದರೆ ಸಂತೋಷ. ಮಿಸಿಸಿಪ್ಪಿ ರಾಜ್ಯದ ಎನಿಡ್ ಅಣೆಕಟ್ಟಿನ ಬಳಿ 1957ರಲ್ಲಿ ಸಿಕ್ಕ ಬಿಳಿ ಕ್ರಾಪಿಯೊಂದು ಐದು ಪೌಂಡಿನ ಮೇಲೆ ಮೂರು ಔನ್ಸು ತೂಗಿತಂತೆ, ಅಲ್ಲಿಯವರು ಅದನ್ನು ಇಂದಿಗೂ ನೆನೆಯುತ್ತಾರೆ. ಲೂಯಿಸಿಯಾನದ ಫ್ರೆಂಚ್ ಮೂಲದ ಜನ ಇದನ್ನು ‘ಸಾಕ್-ಅ-ಲೇ’ ಎನ್ನುತ್ತಾರೆ, ಎಂದರೆ ಹಾಲಿನ ಚೀಲ. ಮಾಂಸ ಅಷ್ಟು ಬೆಳ್ಳಗೆ, ಅಷ್ಟು ಮೃದು. ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದು ತಿನ್ನುತ್ತಾರೆ. ಖಾರ ಮಾತ್ರ ನಮಗೆ ಸಾಲದು.

ಇಷ್ಟು ಸಾಧಾರಣವಾದ ಮೀನು, ಲಕ್ಷಾಂತರ ಜನ ಹಿಡಿಯುವ ಮೀನು, ಕೆಲವರಿಗೆ ಮಾತ್ರ ಯಾಕೆ ಸಿಗುವುದಿಲ್ಲ? ಆ ದಿನ ದೋಣಿಯಲ್ಲಿ ಕೂತು ನನ್ನನ್ನು ನಾನು ಕೇಳಿಕೊಂಡ ಪ್ರಶ್ನೆ ಇದು. ಮೊದಲ ಎರಡು ಗಂಟೆಯಲ್ಲಿ ನನಗೆ ಸಿಕ್ಕ ಉತ್ತರಗಳನ್ನು ಕೇಳಿ, ನಗಬೇಡಿ: ಅವರ ಗಾಳದ ಕೋಲು ಚೆನ್ನಾಗಿದೆ. ಅವರು ಕೂತ ಕಡೆ ನೆರಳಿದೆ. ಅವರ ಅದೃಷ್ಟ. ನಮ್ಮ ಗ್ರಹಚಾರ. ಮೂರನೆಯ ಗಂಟೆಗೆ ಇನ್ನೊಂದು ಉತ್ತರ ಹೊಳೆಯಿತು: ಸಿಗದಿದ್ದರೇನಂತೆ, ನಾನು ಗೊಣಗದೆ ಕೂತಿದ್ದೇನಲ್ಲ, ಅದೇ ದೊಡ್ಡದು. ಅಂದರೆ ಮೀನು ಸಿಗದಿರುವುದನ್ನೇ ನಾನೊಂದು ಸದ್ಗುಣವನ್ನಾಗಿ ಮಾಡಿಕೊಂಡಿದ್ದೆ!

ನಿಜವಾದ ಕಾರಣವನ್ನು ಆ ಹಿರಿಯರು ನಾಲ್ಕನೆಯ ಗಂಟೆಗೆ ಹೇಳಿದರು. ಅಷ್ಟು ಹೊತ್ತು ಯಾಕೆ ಹೇಳಲಿಲ್ಲವೆಂದರೆ ನಾನು ಕೇಳಿರಲಿಲ್ಲ. ನಮ್ಮೂರ ಕೆರೆಯಲ್ಲಿ ಹುಡುಗನಾಗಿದ್ದಾಗ ಬಿದಿರ ಕಡ್ಡಿಗೆ ದಾರ ಕಟ್ಟಿ, ಎರೆಹುಳು ಸಿಕ್ಕಿಸಿ ಮೀನು ಹಿಡಿಯುತ್ತಿದ್ದೆ. ನಮಗೆ ಬೇಕಾದದ್ದು ಕೆಸರಿನಲ್ಲಿ ಓಡಾಡುವ ಮೀಸೆಯ ಮೀನು. ಆದ್ದರಿಂದ ಗಾಳ ತಳ ಮುಟ್ಟಬೇಕು, ಅದೇ ನಮ್ಮ ವಿದ್ಯೆ. ಅರವತ್ತು ವರ್ಷದ ಮೇಲೆ, ಬೇರೆ ಖಂಡದಲ್ಲಿ, ಬೇರೆ ನೀರಿನಲ್ಲಿ, ಬೇರೆ ಮೀನಿಗೆ ನಾನು ಅದನ್ನೇ ಮಾಡಿದ್ದೆ. ಅಲ್ಲಿ ನೀರು ಹದಿನಾಲ್ಕು ಅಡಿ ಆಳವಿತ್ತು. ನನ್ನ ಎರೆ ಹದಿನಾಲ್ಕನೆಯ ಅಡಿಯಲ್ಲಿ ಕೆಸರಿನ ಮೇಲೆ ಮಲಗಿತ್ತು. ಕ್ರಾಪಿಗಳ ಗುಂಪು ಒಂಬತ್ತು, ಹತ್ತು ಅಡಿಯ ಮಟ್ಟದಲ್ಲಿ, ಮುಳುಗಿಸಿದ ಮರದ ಕೊಂಬೆಗಳ ಸುತ್ತ ತೂಗುಹಾಕಿದಂತೆ ನಿಂತಿತ್ತು. ಆ ಮೀನಿನ ದೊಡ್ಡ ಕಣ್ಣುಗಳು ತಲೆಯಲ್ಲಿ ಮೇಲಕ್ಕೆ ಜೋಡಿಸಿಕೊಂಡಿವೆ. ತನ್ನ ಮೇಲೆ ಹೋಗುವುದನ್ನು ನೋಡುತ್ತದೆ, ಏರಿ ಹಿಡಿಯುತ್ತದೆ. ತನ್ನ ಕೆಳಗೆ ಇರುವುದಕ್ಕೆ ಇಳಿದು ಬರುವುದು ಅಪರೂಪ. ನಾನು ಆರು ತಿಂಗಳು ಕೂತಿದ್ದರೂ ಫಲ ಅಷ್ಟೇ ಆಗುತ್ತಿತ್ತು.

ಕ್ರಾಪಿ ಸಿಗದವರ ಸೋಲಿಗೆ ಇದು ಬಹಳ ದೊಡ್ಡ ಕಾರಣವಂತೆ: ಜಾಗ ಸರಿಯಿರುತ್ತದೆ, ಆಳ ತಪ್ಪಿರುತ್ತದೆ. ಆ ಆಳವೂ ಒಂದೇ ಕಡೆ ನಿಲ್ಲುವುದಿಲ್ಲ. ವಸಂತದಲ್ಲಿ ನೀರು ಹದಿನಾರರಿಂದ ಇಪ್ಪತ್ತು ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಚ್ಚಗಾದಾಗ ಮೊಟ್ಟೆಯಿಡಲು ದಡದ ಹತ್ತಿರ, ಮೊಣಕಾಲು ಸೊಂಟ ಮುಳುಗುವಷ್ಟು ನೀರಿಗೆ ಬರುತ್ತವೆ. ಅಲ್ಲಿ ಗೂಡು ಕಾಯುವವನು ಗಂಡು ಮೀನು. ಮೊಟ್ಟೆಯಿಟ್ಟು ತಾಯಿ ಹೊರಟುಹೋದ ಮೇಲೆ ತಂದೆ ರೆಕ್ಕೆಯಿಂದ ನೀರು ಬೀಸುತ್ತ ಕಾವಲು ನಿಲ್ಲುತ್ತದೆ. ನಡುವೆ ಒಂದು ಚಳಿಗಾಳಿ ಬೀಸಿದರೆ ಅನೇಕ ಮೀನುಗಳು ಮತ್ತೆ ಆಳಕ್ಕೆ ಸರಿಯುತ್ತವೆ. ನಾವು ಹೋದ ದಿನ ಆಗಿದ್ದು ಅದೇ ಎಂದು ಅವರು ಅಂದರು. ಬೇಸಿಗೆಯ ಕತೆ ಇನ್ನೂ ವಿಚಿತ್ರ. ಬಿಸಿಲು ಹೆಚ್ಚಾದರೆ ಮೀನು ತಂಪು ಹುಡುಕಿಕೊಂಡು ತಳ ಸೇರುತ್ತದೆಂದು ನಾವು ನೀವು ಊಹಿಸುತ್ತೇವಲ್ಲವೇ? ಅನೇಕ ಸರೋವರಗಳಲ್ಲಿ ಬೇಸಿಗೆಯ ನೀರು ಪದರ ಪದರವಾಗಿ ನಿಲ್ಲುತ್ತದೆ, ಮೇಲೆ ಬಿಸಿ, ಕೆಳಗೆ ತಂಪು, ಎರಡೂ ಬೆರೆಯುವುದಿಲ್ಲ. ತಳದ ನೀರಿನಲ್ಲಿ ಉಸಿರಾಡಲು ಆಮ್ಲಜನಕವೇ ಉಳಿದಿರುವುದಿಲ್ಲ. ತಂಪಾಗಿರುವ ಜಾಗವೆಲ್ಲ ಬದುಕುವ ಜಾಗವಲ್ಲ.

ಈಗ ನಾನು ಮೀನಿನ ವಿಷಯ ಸ್ವಲ್ಪ ಬದಿಗಿಟ್ಟು ಮನೆಯ ವಿಷಯ ಹೇಳಬೇಕು. ಹೇಳಲು ಮಗನ ಅನುಮತಿ ಪಡೆದಿದ್ದೇನೆ.

ನಾವು ಅಮೆರಿಕ ತಲುಪಿದ ಮೂರನೆಯ ದಿನ ಸೊಸೆ ಅಡುಗೆಮನೆಯಲ್ಲಿ ನನ್ನಾಕೆಯ ಹತ್ತಿರ ಅತ್ತಳಂತೆ. ಮಗನ ಕೆಲಸ ಹೋಗಿ ಏಳು ತಿಂಗಳಾಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ ಕಂಪನಿಯವರು ಕರೆದು ಇಂದಿನಿಂದ ಬೇಡ ಎಂದಿದ್ದರು. ಅದಾದ ಮೇಲೂ ಜನವರಿಯಲ್ಲಿ ನಮ್ಮಿಬ್ಬರಿಗೂ ವಿಮಾನದ ಟಿಕೆಟು ಕಳಿಸಿದ್ದ. ನಮಗೆ ಒಂದು ಮಾತು ಹೇಳಿರಲಿಲ್ಲ.

ಪ್ರತಿ ಭಾನುವಾರ ರಾತ್ರಿ ಎಂಟು ಗಂಟೆಗೆ ನಾನು ಅವನಿಗೆ ಫೋನು ಮಾಡುವುದು ವಾಡಿಕೆ. ನನ್ನ ಪ್ರಶ್ನೆಗಳು ಮೂರು: ಆರೋಗ್ಯ ಹೇಗಿದೆ, ಪೂಜೆಗೆ ಹೋಗಿದ್ದಿರಾ, ಕೆಲಸ ಹೇಗೆ ನಡೆದಿದೆ. ಅವನ ಉತ್ತರವೂ ಮೂರೇ. ಮೊದಲೆಲ್ಲ ಉತ್ತರದ ಜೊತೆ ಸ್ವಲ್ಪ ಗೊಣಗಾಟ ಇರುತ್ತಿತ್ತು. ರಸ್ತೆಯಲ್ಲಿ ವಾಹನಗಳ ಸಾಲು, ಮೇಲಧಿಕಾರಿಯ ಕಿರಿಕಿರಿ, ಮೊಣಕಾಲು ನೋವು. ಆ ಸೆಪ್ಟೆಂಬರ್‌ನಿಂದ ಗೊಣಗಾಟ ನಿಂತುಹೋಯಿತು. ‘ಎಲ್ಲಾ ಚೆನ್ನಾಗಿದೆ ಅಪ್ಪಾ’ ಎನ್ನುವಾಗ ದನಿ ಹಗುರವಾಗಿರುತ್ತಿತ್ತು, ಸ್ವಲ್ಪ ನಗುತ್ತಲೂ ಇದ್ದ. ನಾನು ನನ್ನಾಕೆಗೆ, ‘ನೋಡು, ಕೊನೆಗೂ ಅವನಿಗೆ ನೆಮ್ಮದಿ ಬಂತು’ ಎಂದಿದ್ದೆ. ಆಕೆ ಏನೂ ಅನ್ನಲಿಲ್ಲ. ಹೆಂಗಸರು ಸುಮ್ಮನಿದ್ದಾಗ ಗಂಡಸರು ಸ್ವಲ್ಪ ಹೆದರಿಕೊಳ್ಳಬೇಕು, ನಾನು ಹೆದರಲಿಲ್ಲ.

ಸುದ್ದಿ ತಿಳಿದ ರಾತ್ರಿ ನಾನೊಂದು ನಿರ್ಧಾರ ಮಾಡಿದೆ. ಅವನಾಗಿ ಹೇಳಲಿ. ನಾನು ಕೇಳುವುದಿಲ್ಲ, ಕಾಯುತ್ತೇನೆ. ಗಂಡುಮಗ, ಅವನಿಗೂ ಮಾನವಿದೆ. ಹೀಗೆ ಮೂರು ವಾರ ಕಾದೆ. ಎಷ್ಟು ತಾಳ್ಮೆಯಿಂದ ಕಾದೆನೆಂದರೆ ಜಪಸರ ಹಿಡಿದು ಅವನಿಗಾಗಿ ಪ್ರಾರ್ಥನೆಯನ್ನೂ ಮಾಡಿದೆ. ಪ್ರತಿ ಸಂಜೆ ಹಜಾರದ ದೊಡ್ಡ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಚಿಕ್ಕಂದಿನಲ್ಲಿ ಅವನು ಅಂಕಪಟ್ಟಿ ತಂದು ನನ್ನ ಮುಂದೆ ನಿಲ್ಲುತ್ತಿದ್ದದ್ದು ಹಾಗೆಯೇ, ನಾನು ಕುರ್ಚಿಯಲ್ಲಿ, ಅವನು ನಿಂತು. ಅವನು ಬಂದು ನಿಲ್ಲಲೆಂದು ನಾನು ಕಾಯುತ್ತಿದ್ದೆ. ಅವನು ಹಜಾರವನ್ನು ದಾಟಿ ಹೋಗುತ್ತಿದ್ದ.

ಓದುಗರೇ, ಇದು ತಾಳ್ಮೆಯೇ? ನಿಮ್ಮ ಮನೆಯಲ್ಲೂ ಇಂಥ ಕಾಯುವಿಕೆ ನಡೆದಿರಬಹುದು. ‘ನನ್ನ ಬಾಗಿಲು ಯಾವಾಗಲೂ ತೆರೆದೇ ಇದೆ, ಬರಬೇಕಾದವನು ಅವನು’ ಎಂದು ಅಣ್ಣ ತಮ್ಮನ ಬಗ್ಗೆ ಹೇಳುತ್ತಾನೆ, ಅತ್ತೆ ಸೊಸೆಯ ಬಗ್ಗೆ ಹೇಳುತ್ತಾಳೆ. ಹೇಳುವವರ ಮುಖದಲ್ಲಿ ಒಂದು ಸಮಾಧಾನ ಇರುತ್ತದೆ. ತಪ್ಪು ನನ್ನದಲ್ಲ ಎಂಬ ಸಮಾಧಾನ ಅದು.

ಹದಿಮೂರನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಈ ವಿಷಯವನ್ನು ಎತ್ತಿಕೊಂಡಿದ್ದಾರೆ. ಸಹನೆಯನ್ನೂ ಅದರ ಪಕ್ಕದಲ್ಲೇ ಬರುವ ಸ್ಥೈರ್ಯವನ್ನೂ, ಅಂದರೆ ಹಿಡಿದ ಒಳ್ಳೆಯದನ್ನು ಕೊನೆತನಕ ಬಿಡದಿರುವ ಗುಣವನ್ನೂ ಅವರು ಹೊಗಳುತ್ತಾರೆ. ಆದರೆ ಸ್ಥೈರ್ಯಕ್ಕೆ ಎದುರಾಗಿ ಎರಡು ದೋಷಗಳಿವೆ ಎನ್ನುತ್ತಾರೆ. ಒಂದು ಮೆತ್ತಗಿನ ಮನಸ್ಸು, ಕಷ್ಟ ಕಂಡ ಕೂಡಲೇ ಬಿಟ್ಟುಬಿಡುವುದು. ಇದು ನಮಗೆಲ್ಲ ಗೊತ್ತು, ಮಕ್ಕಳನ್ನು ಬಯ್ಯುವುದು ಇದಕ್ಕೇ. ಇನ್ನೊಂದು ಹಟಮಾರಿತನ, ಬಿಡಬೇಕಾದ ಕಡೆಯೂ ಬಿಡದಿರುವುದು. ಇದರ ಬಗ್ಗೆ ನಾವು ಬಯ್ಯುವುದಿಲ್ಲ, ಏಕೆಂದರೆ ಹೊರಗಿನಿಂದ ನೋಡಿದರೆ ಇದು ಸದ್ಗುಣದ ಹಾಗೆಯೇ ಕಾಣುತ್ತದೆ. ಗಾಳ ಹಿಡಿದು ಕೂತ ಇಬ್ಬರ ಚಿತ್ರ ತೆಗೆದರೆ ಯಾರು ತಾಳ್ಮೆಯವನು, ಯಾರು ಹಟಮಾರಿ ಎಂದು ಚಿತ್ರದಲ್ಲಿ ತಿಳಿಯುವುದಿಲ್ಲ. ತಿಳಿಯಬೇಕಾದರೆ ನೀರಿನೊಳಗೆ ಅವರವರ ದಾರ ಎಷ್ಟು ಉದ್ದವಿದೆ ಎಂದು ನೋಡಬೇಕು. ಆ ಹಿರಿಯರೂ ಗಂಟೆಗಟ್ಟಲೆ ಕೂತವರೇ. ಆದರೆ ಅವರು ಹದಿನೈದು ನಿಮಿಷಕ್ಕೊಮ್ಮೆ ಒಂದಡಿ ದಾರ ಏರಿಸುತ್ತಿದ್ದರು, ಇಳಿಸುತ್ತಿದ್ದರು, ಎರೆ ಬದಲಿಸುತ್ತಿದ್ದರು, ಒಂದು ಮೀನು ಸಿಕ್ಕ ಆಳವನ್ನು ದಾರದ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದರು. ಮೀನು ತಾನಿರುವಲ್ಲಿಗೆ ಬರಲಿ ಎಂದು ಕೂತವರಲ್ಲ ಅವರು, ಮೀನು ಎಲ್ಲಿದೆ ಎಂದು ಹುಡುಕುತ್ತ ಕೂತವರು.

ಅವರು ಕಲಿಸಿದ ಇನ್ನೊಂದು ಸಂಗತಿಯನ್ನು ನಾನು ಮರೆಯಲಾರೆ. ನನ್ನ ದಾರವನ್ನು ಎಂಟಡಿಗೆ ಕಟ್ಟಿಕೊಟ್ಟು, ಬೆರಳುದ್ದದ ಜೀವಂತ ಮರಿಮೀನು ಸಿಕ್ಕಿಸಿ, ಬೆಂಡನ್ನು ನೋಡುತ್ತಿರಿ ಎಂದರು. ನಾನು ನೋಡುತ್ತಿದ್ದೆ. ಬೆಂಡು ಮುಳುಗಿದರೆ ಮೀನು ಕಚ್ಚಿತು ಎಂದರ್ಥ, ಇದು ನಮ್ಮೂರ ಮಗುವಿಗೂ ಗೊತ್ತು. ಸ್ವಲ್ಪ ಹೊತ್ತಿಗೆ ನೆಟ್ಟಗೆ ನಿಂತಿದ್ದ ಬೆಂಡು ಮೆಲ್ಲನೆ ವಾಲಿ ನೀರಿನ ಮೇಲೆ ಅಡ್ಡಡ್ಡ ಮಲಗಿತು. ಗಾಳಿಗೆ ಬಿತ್ತೇನೋ ಎಂದು ಸುಮ್ಮನಿದ್ದೆ. ‘ಮೀನು, ಮೀನು’ ಎಂದು ಅವರು ಕೂಗಿದರು. ಅಷ್ಟರಲ್ಲಿ ಅದು ಎರೆ ತಿಂದು ಹೋಗಿತ್ತು. ಕ್ರಾಪಿ ಕೆಳಗಿನಿಂದ ಏರಿ ಬಂದು ಎರೆಯನ್ನು ಬಾಯಲ್ಲಿಟ್ಟುಕೊಂಡು ಇನ್ನೂ ಮೇಲಕ್ಕೆ ಹೋಗುತ್ತದೆ. ಆಗ ಬೆಂಡನ್ನು ಕೆಳಗೆ ಎಳೆದು ನಿಲ್ಲಿಸಿದ್ದ ಭಾರ ಇಲ್ಲವಾಗುತ್ತದೆ. ದಾರ ಬಿಗಿಯಾಗುವುದಿಲ್ಲ, ಸಡಿಲವಾಗುತ್ತದೆ. ಎಳೆತ ಬರಲೆಂದು ಕಾಯುವವನಿಗೆ ಈ ಮೀನು ಕಚ್ಚಿದ್ದೇ ತಿಳಿಯುವುದಿಲ್ಲ.

ಆ ಮಲಗಿದ ಬೆಂಡನ್ನು ನೋಡಿದಾಗ ನನಗೆ ಭಾನುವಾರದ ಫೋನು ನೆನಪಾಯಿತು. ಗೊಣಗಾಟ ನಿಂತ ದಿನ, ದನಿ ಹಗುರವಾದ ದಿನ. ನಾನು ಕಾಯುತ್ತಿದ್ದದ್ದು ಎಳೆತಕ್ಕೆ, ಅಳುವಿಗೆ, ‘ಅಪ್ಪಾ, ಕಷ್ಟದಲ್ಲಿದ್ದೇನೆ’ ಎಂಬ ಮಾತಿಗೆ.

ಮೂರನೆಯ ತಪ್ಪೂ ನನ್ನಿಂದ ಆಯಿತು. ಮತ್ತೆ ಬೆಂಡು ವಾಲಿದಾಗ ನಾನು ಹಿಂದಿನ ಸಲದ ಅವಮಾನ ತೀರಿಸಿಕೊಳ್ಳುವವನಂತೆ ಕೋಲನ್ನು ಬಲವಾಗಿ ಜಗ್ಗಿದೆ. ಮೀನು ಮೇಲೆ ಬಂತು, ಅರ್ಧದಲ್ಲಿ ಕಳಚಿ ಬಿತ್ತು. ಕ್ರಾಪಿಯ ಬಾಯಿಯ ಸುತ್ತಲಿನ ಚರ್ಮ ಕಾಗದದಷ್ಟು ತೆಳು, ಅಲ್ಲಿನವರು ಅದನ್ನು ಕಾಗದದ ಬಾಯಿ ಎಂದೇ ಕರೆಯುತ್ತಾರೆ. ಜಗ್ಗಿದರೆ ಹರಿಯುತ್ತದೆ. ತೆಳುವಾದ ದಾರ, ಸಣ್ಣ ಕೊಕ್ಕೆ, ಒಂದೆರಡು ಗ್ರಾಂ ತೂಕದ ಸೀಸದ ಗುಂಡು, ಎತ್ತುವಾಗ ಬರಿಯ ಮಣಿಕಟ್ಟಿನ ಬಲ, ಅಷ್ಟೇ ಸಾಕು ಎಂದು ಅವರು ತೋರಿಸಿಕೊಟ್ಟರು. ಹರಿದ ಬಾಯಿಯ ಆ ಮೀನು ಎಲ್ಲಿ ಹೋಯಿತೋ.

ದಿನ ಮುಗಿಯುವ ಹೊತ್ತಿಗೆ ಇನ್ನೊಂದು ವಿಷಯ ಅವರ ಮಾತಿನ ನಡುವೆ ಹೊರಬಿತ್ತು. ಮಗನ ಕೆಲಸ ಹೋದದ್ದು ಅವರಿಗೆ ಮೊದಲೇ ಗೊತ್ತಿತ್ತು. ಯಾರೂ ಹೇಳಿರಲಿಲ್ಲವಂತೆ. ವಾರದ ದಿನಗಳಲ್ಲಿ ಕಾರು ಮನೆ ಮುಂದೆಯೇ ನಿಂತಿರುವುದನ್ನು ನೋಡಿದ್ದರು. ಒಂದು ದಿನ ಹಸನು ಮಾಡಿದ ಮೀನಿನ ಪೊಟ್ಟಣ ಹಿಡಿದು ಬಂದು, ಕೆಲಸದ ಮಾತೆತ್ತದೆ, ಶನಿವಾರ ದೋಣಿ ತಳ್ಳಲು ಒಬ್ಬರು ಬೇಕಿತ್ತು ಎಂದು ಕೇಳಿದ್ದರು. ಸಾವಿರಾರು ಕಿಲೋಮೀಟರ್ ಆಚೆಯಿಂದ ಪ್ರತಿ ಭಾನುವಾರ ಮೂರು ಪ್ರಶ್ನೆ ಕೇಳಿದ ತಂದೆಗೆ ತಿಳಿಯದ್ದು ಬೇಲಿಯಾಚೆಯ ಅಂಚೆಯವರಿಗೆ ತಿಳಿದಿತ್ತು.

ಹಿಂದಿರುಗುವಾಗ ಕಾರಿನಲ್ಲಿ ನಾನೂ ಮಗನೂ ಇಬ್ಬರೇ. ದೋಣಿಯಲ್ಲಿ ಕಲಿತದ್ದು ಎರಡು ಗಂಟೆಯೂ ಉಳಿಯಲಿಲ್ಲ. ‘ಪಕ್ಕದ ಮನೆಯವರಿಗೆ ಗೊತ್ತು, ಹೆತ್ತವನಿಗೆ ಹೇಳಲು ಏನಾಗಿತ್ತು ನಿನಗೆ?’ ಎಂದು ಕೇಳಿಯೇಬಿಟ್ಟೆ. ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ‘ಅಪ್ಪಾ, ಕಾರು ಓಡಿಸ್ತಿದ್ದೀನಿ’ ಎಂದ. ಮನೆ ಬರುವವರೆಗೆ ಮತ್ತೊಂದು ಮಾತಿಲ್ಲ. ಅದಾದ ಮೇಲೆ ಒಂದು ವಾರ, ಊಟಕ್ಕೆ ಕರೆಯುವುದು ಬಿಟ್ಟರೆ ಇನ್ನೇನೂ ಇಲ್ಲ.

ಇಲ್ಲಿ ನಿಮ್ಮಲ್ಲಿ ಕೆಲವರು ನನ್ನನ್ನು ತಡೆದು ಕೇಳಬಹುದು: ಮೇಷ್ಟ್ರೇ, ಮಗ ಮೀನೇ? ಮೀನಿನ ಸ್ವಭಾವ ಅರಿಯುವುದು ಅದನ್ನು ಬಾಣಲೆಗೆ ಹಾಕಲು. ಮಕ್ಕಳ ಮನಸ್ಸಿನ ಆಳವನ್ನೂ ಹಾಗೆ ಅಳೆದು, ಸರಿಯಾದ ಎರೆ ಕಟ್ಟಿ, ನಾಜೂಕಾಗಿ ಎತ್ತುವುದು ಪ್ರೀತಿಯೋ, ಬೇಟೆಯೋ? ಈ ಆಕ್ಷೇಪಣೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಗಮನವಿಟ್ಟು ನೋಡುವುದು ತಾನಾಗಿ ಒಳ್ಳೆಯದಲ್ಲ, ಮೋಸಗಾರನೂ ಚೆನ್ನಾಗಿ ಗಮನಿಸುತ್ತಾನೆ. ಸರೋವರದಲ್ಲೇ ಇದಕ್ಕೆ ಒಂದು ನಿದರ್ಶನ ಕಂಡೆ. ನಮ್ಮ ಪಕ್ಕದ ದೋಣಿಯಲ್ಲಿ ಟಿ.ವಿ.ಯಂಥ ಪರದೆಯೊಂದಿತ್ತು. ಶಬ್ದದ ಅಲೆಗಳನ್ನು ನೀರಿಗೆ ಬಿಟ್ಟು ಅವು ಹಿಂದಿರುಗಿದಾಗ ದೋಣಿಯ ಮುಂದಿನ ನೀರಿನಲ್ಲಿ ಪ್ರತಿಯೊಂದು ಮೀನು ಎಲ್ಲಿದೆ, ಎತ್ತ ಹೋಗುತ್ತಿದೆ ಎಂದು ಆ ಕ್ಷಣದಲ್ಲೇ ತೋರಿಸುವ ಯಂತ್ರ. 2018ರಲ್ಲಿ ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ ಬಂದ ಮೇಲೆ ಇದು ಕ್ರಾಪಿ ಹಿಡಿಯುವವರಲ್ಲಿ ಬಹಳ ಹರಡಿದೆ. ಇದು ನ್ಯಾಯವೇ, ಮೀನಿಗೆ ಅಡಗಲು ಒಂದು ಮೂಲೆಯಾದರೂ ಬೇಡವೇ ಎಂದು ಅಲ್ಲಿನವರಲ್ಲೇ ದೊಡ್ಡ ವಾದವಿದೆ. ನಮ್ಮ ಹಿರಿಯರಿಗೆ ಆ ಯಂತ್ರ ಹಿಡಿಸದು. ಆದರೆ ಅವರ ಅಣಕ ಬೇರೆ: ‘ಅವರಿಗೆ ಮೀನು ಕಾಣುತ್ತದೆ, ಮೀನಿಗೆ ಹಸಿವಿದೆಯೋ ಇಲ್ಲವೋ ಅದು ಕಾಣುವುದಿಲ್ಲ.’ ಇಂದು ಎಷ್ಟೋ ತಂದೆತಾಯಿಗಳ ಫೋನಿನಲ್ಲಿ ಮಕ್ಕಳು ಇರುವ ಜಾಗ ಒಂದು ಚುಕ್ಕೆಯಾಗಿ ಕಾಣುತ್ತದೆ. ಕಾಲೇಜಿನಲ್ಲಿದೆ, ಬಸ್ಸಿನಲ್ಲಿದೆ, ಮನೆ ಹತ್ತಿರ ಬಂತು. ಚುಕ್ಕೆ ಎಲ್ಲಿದೆ ಎಂದು ತಿಳಿದವರು ಮಗಳು ಹೇಗಿದ್ದಾಳೆ ಎಂದು ತಿಳಿದುಕೊಂಡಂತೆ ನಿಶ್ಚಿಂತೆಯಿಂದ ಮಲಗುತ್ತಾರೆ.

ನನಗೆ ಅನ್ನಿಸುವುದು ಇಷ್ಟು. ಮೀನುಗಾರ ಮೀನಿನ ಆಳಕ್ಕೆ ದಾರ ಬಿಡುತ್ತಾನೆ, ತಾನು ದೋಣಿಯಲ್ಲೇ ಇರುತ್ತಾನೆ. ತಂದೆ ಹಾಗಿರಲಾಗದು. ಅವನು ತಾನೇ ಇಳಿಯಬೇಕು, ಇಳಿದರೆ ಉಸಿರು ಕಟ್ಟುತ್ತದೆ. ನನ್ನ ಕಾಯುವಿಕೆ ಹಟವಾಗಿದ್ದದ್ದು ಅದು ನನಗೆ ಏನೂ ಖರ್ಚು ಮಾಡಿಸಲಿಲ್ಲ ಎಂಬುದಕ್ಕೆ. ಕುರ್ಚಿ ನನ್ನದು, ಸಮಯ ನನ್ನದು, ಪ್ರಶ್ನೆ ನನ್ನದು. ಬದಲಾಗಬೇಕಾದವನು ಅವನು ಮಾತ್ರ.

ಇನ್ನೊಂದು ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಎಲ್ಲಾ ಸೋಲೂ ಗಾಳ ಹಾಕುವವನ ತಪ್ಪಲ್ಲ. ಕ್ರಾಪಿಗಳ ಸಂಖ್ಯೆ ವರ್ಷ ವರ್ಷಕ್ಕೆ ಬಹಳ ಏರಿಳಿಯುತ್ತದೆ. ಒಂದು ವಸಂತದಲ್ಲಿ ನೀರಿನ ಮಟ್ಟ, ಬಿಸಿಲು ಕೂಡಿಬಂದರೆ ಮರಿಗಳು ಲೆಕ್ಕವಿಲ್ಲದಷ್ಟು ಉಳಿಯುತ್ತವೆ, ಇನ್ನೊಂದು ವಸಂತದಲ್ಲಿ ಉಳಿಯುವುದೇ ಇಲ್ಲ. ಎರಡು ಮೂರು ವರ್ಷ ಕಳೆದ ಮೇಲೆ ಎಷ್ಟು ಜಾಣ ಬಂದರೂ ಅಲ್ಲಿ ಮೀನಿರುವುದಿಲ್ಲ. ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಂದೆತಾಯಿಗಳು, ಎಲ್ಲಾ ಆಳದಲ್ಲೂ ಹುಡುಕಿ ಬಳಲಿದವರು, ನನಗೆ ಗೊತ್ತು. ಅವರಿಗೆ ಈ ಲೇಖನ ಅಲ್ಲ. ಇದನ್ನು ಓದಿ ಅವರು ಇನ್ನೊಮ್ಮೆ ತಮ್ಮನ್ನು ಹಳಿದುಕೊಳ್ಳುವುದು ಬೇಡ.

ಮೀನಿನ ಮಾತು ಬಂದರೆ ನಮಗೆ ಪೇತ್ರ ನೆನಪಾಗದೆ ಇರುವುದಿಲ್ಲ. ಗಲಿಲೇಯದ ಆ ಸರೋವರದಲ್ಲಿ ಅವನು ಎರಡು ಸಲ ರಾತ್ರಿಯೆಲ್ಲ ದುಡಿದು ಬರಿಗೈಯಲ್ಲಿ ಬಂದದ್ದನ್ನು ಶುಭಸಂದೇಶಗಳು ಹೇಳುತ್ತವೆ. ಮೊದಲ ಸಲ ಆಳಕ್ಕೆ ಹೋಗು ಎಂಬ ಮಾತು ಕೇಳಿಬಂತು, ಎರಡನೆಯ ಸಲ ದೋಣಿಯ ಬಲಗಡೆಗೆ ಬಲೆ ಬೀಸು ಎಂದು. ನಾನು ಇದನ್ನು ಧರ್ಮೋಪದೇಶ ತರಗತಿಯಲ್ಲಿ ವಿಧೇಯತೆಯ ಪಾಠವೆಂದು ಹೇಳಿಕೊಡುತ್ತಿದ್ದೆ. ಈಗ ಕಣ್ಣಿಗೆ ಬೀಳುವುದು ಸಣ್ಣದೊಂದು ಸಂಗತಿ. ಬಲೆ ಹಳೆಯದೇ, ದೋಣಿ ಹಳೆಯದೇ, ಸುಸ್ತಾದ ಕೈಗಳೂ ಅವೇ. ಹುಟ್ಟು ಬೆಸ್ತನಾದ ಪೇತ್ರನಿಗೆ ಆ ನೀರಿನ ಬಗ್ಗೆ ಇನ್ನೊಬ್ಬರಿಂದ ಕಲಿಯುವುದು ಏನಿತ್ತು? ಆದರೂ ಬಲೆಯನ್ನು ಈ ಕಡೆಯಿಂದ ಆ ಕಡೆಗೆ ಎಳೆದ. ನಾಲ್ಕು ಅಡಿ ಇರಬಹುದು, ಆರು ಅಡಿ ಇರಬಹುದು, ಒಬ್ಬ ಅನುಭವಿಗೆ ಅಷ್ಟು ದೂರ ದಾಟುವುದು ಎಷ್ಟು ಕಷ್ಟ ಎಂದು ಮೇಷ್ಟರಾಗಿದ್ದವನಿಗೆ ಗೊತ್ತು.

ಕ್ರಾಪಿಗಳು ಕೂಡುವ ಆ ಮುಳುಗಿದ ಕೊಂಬೆಗಳ ಬಗ್ಗೆಯೂ ಒಂದು ಮಾತು. ಅವು ತಾವಾಗಿ ಅಲ್ಲಿ ಬಿದ್ದವಲ್ಲ. ಅಮೆರಿಕದ ಎಷ್ಟೋ ಊರುಗಳಲ್ಲಿ ಕ್ರಿಸ್ಮಸ್ ಕಳೆದ ಮೇಲೆ ಮನೆಮನೆಯ ಹಬ್ಬದ ಮರಗಳನ್ನು ಒಟ್ಟುಗೂಡಿಸಿ, ಭಾರ ಕಟ್ಟಿ, ಅನುಮತಿಯಿರುವ ಕಡೆ ಸರೋವರದ ತಳಕ್ಕೆ ಇಳಿಸುತ್ತಾರೆ. ಕೊಂಬೆಗಳ ಮೇಲೆ ಪಾಚಿ ಬೆಳೆಯುತ್ತದೆ, ಪಾಚಿಗೆ ಹುಳ, ಹುಳಕ್ಕೆ ಮರಿಮೀನು, ಅದರ ಹಿಂದೆ ಕ್ರಾಪಿ. ನಕ್ಷತ್ರ, ದೀಪ ಎಲ್ಲ ಕಳಚಿದ ಮೇಲೆ ಆ ಮರಕ್ಕೆ ಕತ್ತಲೆಯಲ್ಲಿ ಸುಮ್ಮನೆ ನಿಲ್ಲುವ ಕೆಲಸ. ನಮ್ಮ ಹಿರಿಯರು ತಾವು ಇಳಿಸಿದ ಮರಗಳ ಜಾಗವನ್ನು ಒಂದು ಹಳೆಯ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾರೆ.

ಆ ಒಂದು ವಾರದ ಮೌನದ ಕೊನೆಗೆ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ರಾತ್ರಿ ನೀರು ಕುಡಿಯಲು ಎದ್ದೆ. ಹನ್ನೊಂದೂವರೆ ಇರಬೇಕು. ಕಾರು ನಿಲ್ಲಿಸುವ ಕೋಣೆಯಲ್ಲಿ ದೀಪವಿತ್ತು. ಇಣುಕಿದರೆ ಮಗ ನೆಲದ ಮೇಲೆ ಕೂತು, ಶನಿವಾರ ನಾನು ಜಗ್ಗಿ ಸಿಕ್ಕು ಮಾಡಿದ್ದ ಗಾಳದ ದಾರವನ್ನು ಬಿಡಿಸುತ್ತಿದ್ದ. ಅವನು ದಿನವೂ ಆ ಹೊತ್ತಿನವರೆಗೆ ಎದ್ದಿರುತ್ತಾನೆಂದು ಸೊಸೆ ಹೇಳಿದ್ದಳು. ಮೂರು ವಾರ ನಾನು ಎಂಟೂವರೆಗೇ ಹಜಾರದ ಕುರ್ಚಿ ಬಿಟ್ಟು ಮಲಗಲು ಹೋಗುತ್ತಿದ್ದೆ. ಏನು ಕೇಳಬೇಕೆಂದು ತೋಚಲಿಲ್ಲ. ಮೊಣಕಾಲು ಬಗ್ಗುವುದು ಕಷ್ಟ, ಆದರೂ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು ದಾರದ ಇನ್ನೊಂದು ತುದಿ ಹಿಡಿದುಕೊಂಡೆ. ತೆಳುವಾದ ದಾರ, ಕನ್ನಡಕವಿಲ್ಲದೆ ನನಗೆ ಗಂಟುಗಳು ಕಾಣುವುದಿಲ್ಲ, ಅವನು ಹೇಳಿದ ಕಡೆ ಹಿಡಿಯುತ್ತಿದ್ದೆ.

ಬಹಳ ಹೊತ್ತಿನ ಮೇಲೆ, ತಲೆ ಎತ್ತದೆ, ‘ಅವತ್ತು ಮಂಗಳವಾರ ಅಪ್ಪಾ’ ಎಂದ. ನಾನು ಹೂಂ ಎಂದೆ. ‘ಬೆಳಿಗ್ಗೆ ಒಂಬತ್ತೂ ಕಾಲಿಗೆ ಕರೆದ್ರು. ಡಬ್ಬಿ ಹಾಗೇ ಇತ್ತು. ಊಟ ಕೂಡ ಮಾಡಿರ್ಲಿಲ್ಲ.’

ದಾರ ಸುತ್ತಿ ಮುಗಿಯುವಾಗ ಗಂಟೆ ಒಂದೂವರೆ ದಾಟಿತ್ತು. ಕೊನೆಯ ಒಂದು ಗಂಟು ಬಿಡಲೇ ಇಲ್ಲ, ಕತ್ತರಿಸಬೇಕಾಯಿತು.